ಜೊತೆಗೆ ಬರುವವರ ಹೆಸರು

ಡಾಕ್ಟರಮ್ಮ ಕೇಳಿದ ಯಾವ ಪ್ರಶ್ನೆಗೂ ನಾನು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಸೇರಿ ನನ್ನನ್ನು ಪೆದ್ದನನ್ನಾಗಿ ಮಾಡಿದರು. ಪೆದ್ದ ಎಂದರೆ ಒಪ್ಪಿಕೊಳ್ಳುತ್ತೇನೆ. ಸುಳ್ಳ ಎಂದರೆ ಮಾತ್ರ ಮೈ ಉರಿಯುತ್ತದೆ.

ನನ್ನನ್ನು ಆಸ್ಪತ್ರೆಗೆ ಅಟ್ಟಿದವನು ಪಕ್ಕದ ಕಟಿಂಗ್ ಅಂಗಡಿಯವನು. ನಾನು ಕತ್ತರಿ, ಚಾಕು, ಮಚ್ಚುಗಳಿಗೆ ಸಾಣೆ ಹಿಡಿಯುವವನು. ಅವನ ಕತ್ತರಿಗಳೆಲ್ಲ ನನ್ನ ಕೈಯಲ್ಲೇ ಹರಿತವಾಗುತ್ತವೆ. ಎರಡೂ ಅಂಗಡಿಗಳಿಗೆ ಹಿಂದುಗಡೆ ಇರುವುದು ಒಂದೇ ಬಚ್ಚಲು. ನಾನು ಮತ್ತೆ ಮತ್ತೆ ಎದ್ದು ಅತ್ತ ಹೋಗುವುದನ್ನು ನೋಡಿ ನೋಡಿ, ಒಂದು ದಿನ ಗಿರಾಕಿಯ ತಲೆಯ ಮೇಲೆ ಬಾಚಣಿಗೆ ಇಟ್ಟುಕೊಂಡೇ ಕೇಳಿದ.

“ಸಾಣೆಯಣ್ಣ, ಹಿಂದುಗಡೆ ಏನಾದ್ರೂ ನಿಧಿ ಹೂತಿಟ್ಟಿದ್ದೀಯಾ? ಗಳಿಗೆಗೊಂದು ಸಲ ನೋಡ್ಕೊಂಡು ಬರ್ತೀಯಲ್ಲ.”

“ನಿನ್ನ ಕತ್ತರಿ ಕಡೆ ಗಮನ ಇರಲಿ. ಅವರ ಕಿವಿ ಹೋದೀತು,” ಎಂದೆ.

“ತಮಾಷೆ ಅಲ್ಲಣ್ಣ. ನಮ್ಮ ಮಾವನಿಗೂ ಹೀಗೇ ಶುರುವಾಗಿದ್ದು. ಹೋಗಿ ತೋರಿಸ್ಕೊಂಡು ಬಾ.”

ಮಾವನಿಗೆ ಆಮೇಲೆ ಏನಾಯಿತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳದೆಯೇ ಊರಿನ ಸುದ್ದಿಯನ್ನೆಲ್ಲ ಹೇಳುವ ಮನುಷ್ಯ ಇದೊಂದನ್ನು ಹೇಳದೆ ಬಿಟ್ಟನಲ್ಲ ಎಂದು ನನಗೆ ದಿಗಿಲಾಯಿತು. ಮಾರನೆಯ ದಿನವೇ ಹೋದೆ.

ಡಾಕ್ಟರು ಹೆಂಗಸು. ನನ್ನ ಮಗಳ ವಯಸ್ಸಿನವರು ಎನ್ನೋಣವೆಂದರೆ ನನಗೆ ಮಗಳಿಲ್ಲ, ಮಗನೂ ಇಲ್ಲ. ಇಂಥ ಜಾಗದ ವಿಷಯವನ್ನು ಹೆಣ್ಣುಮಗಳ ಮುಂದೆ ಹೇಗಪ್ಪಾ ಹೇಳುವುದು ಎಂದು, ಗೋಡೆಗೆ ಹಾಕಿದ್ದ ಮೂತ್ರಪಿಂಡದ ಚಿತ್ರಕ್ಕೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಒಂದೊಂದಾಗಿ ಕೇಳುತ್ತಾ ಹೋದರು. ಉರಿ ಇದೆಯಾ, ಇಲ್ಲ. ಜ್ವರ ಬಂದಿತ್ತಾ, ಇಲ್ಲ. ಮನೆಯ ಹಿರಿಯರಲ್ಲಿ ಯಾರಿಗಾದರೂ ಈ ತೊಂದರೆ ಇತ್ತಾ, ಗೊತ್ತಿಲ್ಲ. ನಮ್ಮಪ್ಪ ಹಲ್ಲುನೋವನ್ನೂ ಬಾಯಿಬಿಟ್ಟು ಹೇಳಿದವನಲ್ಲ.

“ಸೈಕಲ್ ಓಡಿಸ್ತೀರಾ?”

“ಇಲ್ಲಮ್ಮ. ಎಲ್ಲಿಗೆ ಹೋದ್ರೂ ನಡ್ಕೊಂಡೇ.”

“ಒಳ್ಳೇದು. ಕೆಲಸ ಏನು ಮಾಡ್ತೀರಿ?”

“ಸಾಣೆ ಅಂಗಡಿ ಇದೆ. ಕೂತಲ್ಲೇ ಕೆಲಸ.”

ಅವರು ಬರೆದುಕೊಂಡರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಹೇಳಿದರು. ಗಂಡಸರಿಗೆ ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ. ಅದು ತಯಾರಿಸುವ ಒಂದು ವಸ್ತು ಸ್ವಲ್ಪ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ರಕ್ತದಲ್ಲಿ ಅದು ಎಷ್ಟಿದೆ ಎಂದು ಅಳೆದು ನೋಡುತ್ತಾರೆ. ಕ್ಯಾನ್ಸರ್ ಇದ್ದರೆ ಅದು ಏರುತ್ತದೆ, ಆದರೆ ಏರಿದ್ದಕ್ಕೆಲ್ಲ ಕ್ಯಾನ್ಸರೇ ಕಾರಣವಲ್ಲ. ಗ್ರಂಥಿ ಊದಿಕೊಂಡರೂ ಏರಬಹುದು, ಸೋಂಕಾದರೂ ಏರಬಹುದು.

ರಕ್ತ ಕೊಟ್ಟು ಬಂದೆ. ವರದಿಯಲ್ಲಿ ನನ್ನದು ಏರಿತ್ತು. ಹೌಹಾರುವಷ್ಟೂ ಅಲ್ಲ, ಸುಮ್ಮನೆ ಬಿಡುವಷ್ಟೂ ಅಲ್ಲ. ಖಚಿತವಾಗಿ ತಿಳಿಯಬೇಕಾದರೆ ಸೂಜಿ ಹಾಕಿ ಗ್ರಂಥಿಯ ಚೂರುಗಳನ್ನು ತೆಗೆದು ನೋಡಬೇಕು, ಅದಕ್ಕೆ ಬಯಾಪ್ಸಿ ಎನ್ನುತ್ತಾರೆ ಎಂದರು.

“ಆದರೆ ಏರಿದವರಿಗೆಲ್ಲ ಸೂಜಿ ಹಾಕೋದು ತಪ್ಪು. ಕೆಲವು ವಾರ ಬಿಟ್ಟು ಇನ್ನೊಂದು ಸಲ ರಕ್ತ ನೋಡೋಣ. ಜೊತೆಗೆ ಇನ್ನೊಂದು ಲೆಕ್ಕಾನೂ ನೋಡ್ತೀವಿ. ಈ ವಸ್ತು ರಕ್ತದಲ್ಲಿ ಸ್ವಲ್ಪ ಬೇರೆಯದಕ್ಕೆ ಅಂಟ್ಕೊಂಡಿರುತ್ತೆ, ಸ್ವಲ್ಪ ಒಂಟಿಯಾಗಿ ತಿರುಗ್ತಿರುತ್ತೆ. ಒಂಟಿಯಾಗಿರೋದು ಜಾಸ್ತಿ ಇದ್ರೆ ಅನುಮಾನ ಕಡಿಮೆ.”

“ಒಂಟಿಯಾಗಿದ್ರೆ ಒಳ್ಳೇದಾ?” ಎಂದು ಕೇಳಿದೆ.

“ಈ ಪರೀಕ್ಷೆಯಲ್ಲಿ,” ಎಂದರು. ಆಗ ಮಾತ್ರ ಸ್ವಲ್ಪ ನಕ್ಕರು.

ಎರಡನೆಯ ಸಲ ಸಂಖ್ಯೆ ಇನ್ನಷ್ಟು ಏರಿತ್ತು. ಒಂಟಿ ಪಾಲು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ನಡುವೆ ನಿಂತಿತ್ತು. ಇನ್ನು ಬಯಾಪ್ಸಿ ಮಾಡಿಸುವುದೇ ವಾಸಿ ಎಂದರು ಡಾಕ್ಟರಮ್ಮ. ಹೊರಗೆ ಬಂದು ದಿನ ಗೊತ್ತುಮಾಡುವ ಕಿಟಕಿಯ ಮುಂದೆ ನಿಂತೆ. ಅಲ್ಲಿದ್ದ ನರ್ಸಮ್ಮ ತಲೆ ಎತ್ತದೆ ಕೇಳಿದರು.

“ಜೊತೆಗೆ ಯಾರು ಬರ್ತಾರೆ? ಹೆಸರು, ಫೋನ್ ನಂಬರ್ ಹೇಳಿ.”

“ನಾನೇ ಬರ್ತೀನಿ.”

“ನೀವು ಬರ್ಲೇಬೇಕಲ್ಲ, ನಿಮಗೇ ತಾನೇ ಮಾಡೋದು. ನಿಮ್ಮ ಜೊತೆಗೆ ಯಾರು? ಮಂಪರು ಬರೋ ಔಷಧಿ ಕೊಡ್ತಾರೆ, ಒಬ್ಬರನ್ನೇ ಕಳಿಸೋ ಹಾಗಿಲ್ಲ. ಅದಕ್ಕೆ ಒಂದು ವಾರ ಮುಂಚೆ ಬಂದು ಡಾಕ್ಟರ ಹತ್ರ ಮಾತಾಡಬೇಕು, ಆವಾಗ್ಲೂ ಅವರು ಇರಬೇಕು.”

ನನ್ನ ಹಿಂದೆ ಜನ ನಿಂತಿದ್ದರು. ಒಬ್ಬ ಮುದುಕರ ತೋಳನ್ನು ಅವರ ಹೆಂಡತಿ ಹಿಡಿದುಕೊಂಡಿದ್ದರು, ಇನ್ನೊಬ್ಬರ ಹಿಂದೆ ಮಗನೂ ಸೊಸೆಯೂ ನಿಂತಿದ್ದರು. ನಾಳೆ ಹೇಳುತ್ತೇನೆ ಎಂದು ಹೇಳಿ ಅಲ್ಲಿಂದ ಕಾಲ್ತೆಗೆದೆ.

ಕಾಯಿಲೆಯ ಹೆದರಿಕೆ ಇರಲಿಲ್ಲವೇ ಎಂದರೆ ಇತ್ತು. ಆದರೆ ಆ ದಿನವೆಲ್ಲ ನನ್ನ ತಲೆಯಲ್ಲಿ ಕೊರೆದದ್ದು ನರ್ಸಮ್ಮನ ಪ್ರಶ್ನೆ. ನನ್ನವಳು ಇದ್ದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನನಗಿಂತ ಮೊದಲು ಅವಳೇ ಕಿಟಕಿಯ ಮುಂದೆ ನಿಂತು ನರ್ಸಮ್ಮನ ಊರು, ಮನೆ, ಮಕ್ಕಳನ್ನೆಲ್ಲ ವಿಚಾರಿಸಿಕೊಂಡು ಬಿಡುತ್ತಿದ್ದಳು. ಅವಳು ಹೋದ ಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೊಬ್ಬನೇ. ಬೆಳಗ್ಗೆ ಮೊದಲ ಗಿರಾಕಿ ಬರುವವರೆಗೂ ನನ್ನ ದನಿಯನ್ನು ನಾನೇ ಕೇಳಿರುವುದಿಲ್ಲ. ಕೆಲವೊಮ್ಮೆ ಮೊದಲ ಮಾತು ಗಂಟಲಲ್ಲೇ ಸಿಕ್ಕಿಕೊಂಡು ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತದೆ.

ಕಟಿಂಗ್ ಅಂಗಡಿಯವನನ್ನು ಕರೆಯಬಹುದಿತ್ತು. ಖಂಡಿತ ಬರುತ್ತಿದ್ದ. ಆದರೆ ನನ್ನ ಪ್ರಾಸ್ಟೇಟಿನ ಸುದ್ದಿ ಸಂಜೆಯೊಳಗೆ ಬೀದಿಯ ಎಲ್ಲ ತಲೆಗಳಿಗೂ ಹಂಚಿಹೋಗುತ್ತಿತ್ತು. ಉಳಿದವನು ತಮ್ಮ ಒಬ್ಬನೇ. ಅವನಿಗೂ ನನಗೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಮಾತು ಬಿಟ್ಟದ್ದು ಯಂತ್ರದ ಕಾರಣಕ್ಕೆ. ನನ್ನ ಸಾಣೆಯಂತ್ರ ಅಪ್ಪನದು. ಕಬ್ಬಿಣದ ಚೌಕಟ್ಟು, ಅದರ ಮೇಲೆ ಸೈಕಲ್ಲಿನ ಸೀಟು, ಕೆಳಗೆ ಪೆಡಲು, ಎದುರಿಗೆ ಕಲ್ಲು. ತುಳಿದರೆ ಕಲ್ಲು ತಿರುಗುತ್ತದೆ. ಅಪ್ಪ ಹೋದ ಮೇಲೆ ತಮ್ಮ ಅದಕ್ಕೆ ಮೋಟಾರು ಕೂರಿಸೋಣ ಎಂದ. ನಾನು ಬೇಡವೆಂದೆ. ಮೋಟಾರಿನ ವೇಗಕ್ಕೆ ಅಲಗು ಕಾದು ನೀಲಿಗಟ್ಟುತ್ತದೆ, ಹಾಗೆ ನೀಲಿಗಟ್ಟಿದ ಅಲಗಿನಲ್ಲಿ ಹರಿತ ನಿಲ್ಲುವುದಿಲ್ಲ. “ನಿನ್ನ ಕಾಲು ಎಷ್ಟು ವರ್ಷ ಅಂತ ತುಳಿಯುತ್ತೆ, ಅಣ್ಣ?” ಎಂದ. “ನನ್ನ ಕಾಲಿನ ಚಿಂತೆ ನಿನಗೆ ಬೇಡ,” ಎಂದೆ. ಮಾತಿಗೆ ಮಾತು ಬೆಳೆಯಿತು. ಅವನು ಊರಿನ ಆ ತುದಿಯಲ್ಲಿ ಮೋಟಾರಿನ ಅಂಗಡಿ ಹಾಕಿದ, ನಾನು ಈ ತುದಿಯಲ್ಲಿ ತುಳಿಯುತ್ತಾ ಉಳಿದೆ. ನನ್ನವಳು ತೀರಿಕೊಂಡಾಗ ಬಂದು ಬಾಗಿಲ ಹತ್ತಿರ ನಿಂತ. ಒಳಗೆ ಬಾ ಎಂದು ನಾನು ಅನ್ನಲಿಲ್ಲ, ಬರಲಾ ಎಂದು ಅವನೂ ಕೇಳಲಿಲ್ಲ. ಜಗಳ ಆಡಲು ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಸುಮ್ಮನೆ ಬಾ ಎಂದು ಕರೆಯಲು ಯಾರಿಗೂ ಬರುವುದಿಲ್ಲ.

ಆದರೆ ಕಾಯಿಲೆ ಎಂದರೆ ಕರೆಯಬಹುದು. ಆ ಧೈರ್ಯದ ಮೇಲೆಯೇ ಅವನ ಅಂಗಡಿಗೆ ಹೋದೆ.

ಮೋಟಾರಿನ ಸದ್ದಿನಲ್ಲಿ ಅವನಿಗೆ ನಾನು ಬಂದದ್ದು ತಿಳಿಯಲಿಲ್ಲ. ಕಣ್ಣಿಗೆ ಕನ್ನಡಕ, ತಲೆಯಲ್ಲಿ ಅರ್ಧ ನೆರೆತ ಕೂದಲು. ಹಿಂದಿನಿಂದ ನೋಡಿದರೆ ಥೇಟ್ ಅಪ್ಪ. ತಿರುಗಿ ನೋಡಿದವನೇ ಮೋಟಾರು ಆರಿಸಿದ.

“ನನಗೆ ಆಸ್ಪತ್ರೆಯಲ್ಲಿ ಒಂದು ಕೆಲಸ ಇದೆ. ಜೊತೆಗೆ ಒಬ್ಬರು ಬೇಕಂತೆ,” ಎಂದೆ. ದಾರಿಯುದ್ದಕ್ಕೂ ಬೇರೆ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಅಷ್ಟೇ ಬಾಯಿಂದ ಹೊರಟಿತು.

“ಯಾವತ್ತು?” ಎಂದ. ಏನು, ಯಾಕೆ ಎಂದು ಆಮೇಲೆ ಕೇಳಿದ. ತಮ್ಮನ ಹೆಂಡತಿ ಒಳಗಿನಿಂದ ಬಂದು, “ಭಾವ, ಕೂತ್ಕೊಳ್ಳಿ,” ಎಂದು ಕುರ್ಚಿ ಒರೆಸಿದಳು. ಆ ಕುರ್ಚಿಯಲ್ಲಿ ಮೊದಲೇನೂ ಧೂಳಿರಲಿಲ್ಲ.

ಬಯಾಪ್ಸಿಗೆ ಒಂದು ವಾರ ಮುಂಚೆ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತೆವು. ಕಿಟಕಿಯಲ್ಲಿ ಅವನ ಹೆಸರು, ನಂಬರು ಕೊಟ್ಟದ್ದಾಗಿತ್ತು. ಬಯಾಪ್ಸಿಯ ನಂತರ ಏನೇನು ನೋಡಿಕೊಳ್ಳಬೇಕು ಎಂದು ಅವರು ಅವನಿಗೇ ವಿವರಿಸಿದರು, ನಾನು ಅಲ್ಲಿ ಇಲ್ಲವೇನೋ ಎನ್ನುವಂತೆ. ರಕ್ತ ಹೋಗಬಹುದು, ಜ್ವರ ಬಂದರೆ ತಕ್ಷಣ ಕರೆತನ್ನಿ, ಭಾರ ಎತ್ತಬಾರದು, ಕೆಲವು ದಿನ ಸೈಕಲ್ ತುಳಿಯಬಾರದು.

“ಹಾಗಾದ್ರೆ ಅಷ್ಟು ದಿನ ಅಂಗಡಿ ಮುಚ್ಚಬೇಕು,” ಎಂದ ತಮ್ಮ.

“ಯಾಕೆ?”

“ಬೆಳಗಿಂದ ಸಂಜೆವರೆಗೂ ಇವನು ಮಾಡೋದು ಅದೇ ತಾನೇ ಡಾಕ್ಟ್ರೇ. ತುಳಿಯೋದು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಸೈಕಲ್ ಓಡಿಸಲ್ಲ ಅಂದಿದ್ರಲ್ಲ ನೀವು?”

“ನನ್ನ ಹತ್ರ ಸೈಕಲ್ಲೇ ಇಲ್ಲಮ್ಮ. ಅದು ಸಾಣೆಯಂತ್ರ. ಎಲ್ಲಿಗೂ ಹೋಗಲ್ಲ.”

ತಮ್ಮ ಕುರ್ಚಿಯ ಅಂಚಿಗೆ ಸರಿದು, ಎರಡೂ ಕಾಲುಗಳನ್ನು ಗಾಳಿಯಲ್ಲಿ ತಿರುಗಿಸಿ ಅಪ್ಪನ ಯಂತ್ರವನ್ನು ತೋರಿಸಿದ. ಕೈಯಲ್ಲಿ ಇಲ್ಲದ ಚಾಕುವನ್ನೂ ಹಿಡಿದಿದ್ದ. ಅಷ್ಟು ವಯಸ್ಸಾದವನು ಹಾಗೆ ಮಾಡುವುದನ್ನು ನೋಡಿ ಬಾಗಿಲಲ್ಲಿದ್ದ ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಅದು ರಸ್ತೆಯಲ್ಲಿ ಹೋದ್ರೂ ಅಷ್ಟೇ, ನಿಂತಲ್ಲೇ ನಿಂತ್ರೂ ಅಷ್ಟೇ,” ಎಂದರು ಡಾಕ್ಟರಮ್ಮ. “ಸೀಟಿನ ಮೇಲೆ ನಿಮ್ಮ ಭಾರವೆಲ್ಲ ಬೀಳೋದು ಆ ಗ್ರಂಥಿಯ ಹತ್ರಾನೇ. ಎಲ್ಲರಿಗೂ ಇದರಿಂದ ಏರುತ್ತೆ ಅಂತ ಹೇಳಲ್ಲ, ಕೆಲವರಿಗೆ ಏರಬಹುದು. ರಕ್ತ ಕೊಡೋ ದಿನ ಬೆಳಗ್ಗೆನೂ ತುಳಿದು ಬಂದಿದ್ರಾ?”

“ಅವತ್ತು ರಜೆ ಹಾಕ್ತೀನಲ್ಲ ಅಂತ ಹಿಂದಿನ ದಿನ ಜಾಸ್ತಿ ತುಳಿದಿದ್ದೆ. ಬೆಳಗ್ಗೆನೂ ಸ್ವಲ್ಪ.”

ತಮ್ಮ ಹಣೆ ಹಣೆ ಚಚ್ಚಿಕೊಂಡ. ಡಾಕ್ಟರಮ್ಮ ಬಯಾಪ್ಸಿಯ ದಿನವನ್ನು ಹೊಡೆದುಹಾಕಿದರು. ಎರಡು ವಾರ ಸೀಟಿನ ಮೇಲೆ ಕೂರಲೇಬೇಡಿ, ಆಮೇಲೆ ಇನ್ನೊಮ್ಮೆ ರಕ್ತ ನೋಡಿ ತೀರ್ಮಾನಿಸೋಣ ಎಂದರು.

ಆ ಎರಡು ವಾರ ನನ್ನ ಕೆಲಸವನ್ನು ತಮ್ಮ ಮಾಡಿದ. ನಾನು ಕೇಳಿರಲಿಲ್ಲ. ಸಂಜೆ ಬಂದು ದಿನದ ಕತ್ತರಿ, ಚಾಕುಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ, ಮರುದಿನ ಸಂಜೆ ಹರಿತ ಮಾಡಿ ತರುತ್ತಿದ್ದ. ನಾನು ಮೊದಲ ದಿನ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಎಲ್ಲಾದರೂ ನೀಲಿ ಕಾಣಲಿ ಎಂದೇ ನೋಡಿದೆ. ಕಾಣಲಿಲ್ಲ.

“ನೀರು ಬಿಟ್ಕೊಂಡು ಹಿಡೀತೀನಿ,” ಎಂದ, ನಾನು ಏನು ಹುಡುಕುತ್ತಿದ್ದೇನೆಂದು ತಿಳಿದು.

“ಹೂಂ,” ಎಂದೆ. ಅವನಿಗೆ ಅಷ್ಟು ಸಾಕಾಯಿತು ಅಂತ ಕಾಣುತ್ತದೆ, ಮುಖ ಅರಳಿತು.

ಬಂದವನು ತಕ್ಷಣ ಹೋಗುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ನಾನು ಚಹಾ ಕಾಯಿಸುತ್ತಿದ್ದೆ. ಇನ್ನೊಂದು ಲೋಟ ಎಲ್ಲಿದೆಯೆಂದು ಮೊದಲ ದಿನ ಹುಡುಕಾಡಬೇಕಾಯಿತು. ನಾವು ಹೆಚ್ಚು ಮಾತಾಡಿದೆವು ಎಂದಲ್ಲ. ಅಪ್ಪನಿಗೆ ಕಿಡಿ ಹಾರಿ ಅಂಗಿಯಲ್ಲೆಲ್ಲ ತೂತಾಗುತ್ತಿದ್ದದ್ದು, ಕಲ್ಲು ತಿರುಗುವ ಸದ್ದಿನ ಮೇಲೇ ಅವನು ಕೆಲಸ ಸರಿಯಿದೆಯೋ ಇಲ್ಲವೋ ಹೇಳುತ್ತಿದ್ದದ್ದು, ಇಂಥವೇ. ಅವನು ಹೋದ ಮೇಲೆ ಎರಡನೆಯ ಲೋಟವನ್ನು ತೊಳೆದು ಕೈಗೆ ಸಿಗುವ ಹಾಗೆ ಮುಂದೆಯೇ ಇಡುತ್ತಿದ್ದೆ. ಆ ಎರಡು ವಾರ ನಾನು ಸುಖವಾಗಿದ್ದೆ. ಕ್ಯಾನ್ಸರ್ ಇರಬಹುದು ಎಂಬ ಅನುಮಾನದಲ್ಲಿರುವ ಮನುಷ್ಯ ಹಾಗೆ ಹೇಳಬಾರದು, ಆದರೆ ನಿಜ ಅದೇ.

ಮೂರನೆಯ ಪರೀಕ್ಷೆಯಲ್ಲಿ ಸಂಖ್ಯೆ ಇಳಿದಿತ್ತು. ಒಂಟಿ ಪಾಲೂ ಅನುಮಾನಕ್ಕೆ ಎಡೆ ಕೊಡುವಂತಿರಲಿಲ್ಲ.

“ಏನೂ ಇಲ್ಲವೇ ಇಲ್ಲ ಅಂತ ರಕ್ತ ನೋಡಿ ಆಣೆ ಮಾಡೋಕಾಗಲ್ಲ,” ಎಂದರು ಡಾಕ್ಟರಮ್ಮ. “ಆದರೆ ಈಗ ಸೂಜಿ ಬೇಡ. ಆರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಿ. ಅದಕ್ಕೆ ಮುಂಚೆ ಕೆಲವು ದಿನ ತುಳೀಬೇಡಿ. ಬರೀ ರಕ್ತ ಕೊಡೋಕೆ ಜೊತೆಗೆ ಯಾರೂ ಬರಬೇಕಾಗಿಲ್ಲ.”

“ಸದ್ಯ,” ಎಂದು ತಮ್ಮ ಉಸಿರುಬಿಟ್ಟ. ನಾನೂ ಸದ್ಯ ಎಂದೆ. ಆಸ್ಪತ್ರೆಯ ಗೇಟಿನ ಹತ್ತಿರ ಅವನ ಬಸ್ಸು ಒಂದು ಕಡೆ, ನನ್ನ ದಾರಿ ಇನ್ನೊಂದು ಕಡೆ. ಬರ್ತೀನಣ್ಣ ಎಂದ. ಹೂಂ ಎಂದೆ. ಬಸ್ಸು ಹತ್ತಿದವನು ಕೂರಲು ಜಾಗ ಹುಡುಕುತ್ತಾ ಒಳಗೆ ನಡೆದ.

ಮಾರನೆಯ ಸಂಜೆ ಅವನು ಬರಲಿಲ್ಲ. ಯಾಕೆ ಬರಬೇಕು? ನಾನು ಮತ್ತೆ ತುಳಿಯಲು ಶುರುಮಾಡಿದ್ದೆನಲ್ಲ. ಆದರೂ ಅವನು ಬರುವ ಹೊತ್ತಿಗೆ ಬೀದಿಯ ತುದಿಯ ಕಡೆ ಕಣ್ಣು ಹೋಗುತ್ತಿತ್ತು. ನಾಲ್ಕಾರು ಸಲ ಫೋನ್ ಕೈಗೆತ್ತಿಕೊಂಡೆ. ಏನೆಂದು ಹೇಳಲಿ? ಕಾಯಿಲೆ ಇಲ್ಲ, ಕೆಲಸ ನಿಂತಿಲ್ಲ, ಕೇಳಲು ಏನೂ ಇಲ್ಲ. ಅವನಿಗೂ ಹಾಗೇ ಅನ್ನಿಸುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಕೆಲವು ದಿನಗಳ ಮೇಲೆ ಅವನ ಲೋಟವನ್ನು ಎತ್ತಿ ಹಿಂದಿನ ಸಾಲಿಗೆ ಸರಿಸಿದೆ. ಮೊದಲು ಒಬ್ಬನೇ ಇದ್ದದ್ದು ಅಭ್ಯಾಸವಾಗಿತ್ತು, ಈಗ ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಆರು ತಿಂಗಳು ಹೀಗೇ ಕಳೆಯಿತು. ರಕ್ತ ಕೊಡುವ ವಾರ ಬಂತು. ಹೇಳಿದಂತೆ ತುಳಿಯುವುದನ್ನು ನಿಲ್ಲಿಸಿದೆ. ಗಿರಾಕಿಗಳಿಗೆ ಮುಂದಿನ ವಾರ ಬನ್ನಿ ಎಂದು ಹೇಳಿ, ಯಂತ್ರಕ್ಕೆ ಬಟ್ಟೆ ಹೊದಿಸಿ ಅದರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತೆ. ಹಾಗೆ ಕೂತಾಗಲೇ ಆ ಯೋಚನೆ ತಲೆಗೆ ಹೊಕ್ಕಿತು. ಸಂಖ್ಯೆ ಏರಿದರೆ ಡಾಕ್ಟರಮ್ಮ ಮತ್ತೆ ಬಯಾಪ್ಸಿ ಎನ್ನುತ್ತಾರೆ. ಬಯಾಪ್ಸಿ ಎಂದರೆ ಕಿಟಕಿಯಲ್ಲಿ ಮತ್ತೆ ಕೇಳುತ್ತಾರೆ, ಜೊತೆಗೆ ಯಾರು ಬರ್ತಾರೆ ಎಂದು. ಈ ಸಲ ಹೇಳಲು ನನ್ನ ಹತ್ತಿರ ಒಂದು ಹೆಸರಿದೆ.

ಪರೀಕ್ಷೆಯ ಹಿಂದಿನ ದಿನ, ಅವನು ಬರುತ್ತಿದ್ದ ಸಂಜೆಯ ಹೊತ್ತಿಗೆ, ಬಟ್ಟೆ ತೆಗೆದು ಸೀಟಿನ ಮೇಲೆ ಕೂತೆ. ಕೈಯಲ್ಲಿ ಚಾಕೂ ಇಲ್ಲ, ಕತ್ತರಿಯೂ ಇಲ್ಲ. ತುಳಿದೆ. ಪೂರ್ತಿ ಭಾರ ಬಿಟ್ಟು ತುಳಿದೆ. ಬೆನ್ನು ಬೆವರಿತು. ಕಟಿಂಗ್ ಅಂಗಡಿಯವನು ಬಾಗಿಲಿಂದ ಇಣುಕಿದ.

“ಈ ವಾರ ಕೆಲಸ ಇಲ್ಲ ಅಂದಿದ್ಯಲ್ಲ? ಏನಣ್ಣ ಹಿಡೀತಿದ್ದೀಯ?”

“ಏನಿಲ್ಲ. ನೀನು ಹೋಗು.”

ನನ್ನ ಮುಖದಲ್ಲಿ ಏನು ಕಂಡನೋ, ಆ ಬಾಯಿಬಡುಕ ಕೂಡ ಮಾತಾಡದೆ ಹೋದ. ಅಷ್ಟರಲ್ಲಿ ಫೋನ್ ಬಂತು. ತುಳಿಯುತ್ತಲೇ ಎತ್ತಿಕೊಂಡೆ.

“ಅಣ್ಣ, ಆಸ್ಪತ್ರೆಯಿಂದ ನನಗೆ ಮೆಸೇಜ್ ಬಂದಿದೆ,” ಎಂದ ತಮ್ಮ. “ನಾಳೆ ನಿನ್ನ ರಕ್ತ ಪರೀಕ್ಷೆ ಅಂತ. ಜೊತೆಗೆ ಬರೋರು ಅಂತ ನನ್ನ ನಂಬರೇ ಇದೆಯಂತಲ್ಲ ಅವರ ಹತ್ರ. ತುಳೀತಿಲ್ಲ ತಾನೇ?”

“ಇಲ್ಲ,” ಎಂದೆ. ನಾನು ಸುಳ್ಳು ಹೇಳಿದ್ದು ಅವನಿಗೆ, ಡಾಕ್ಟರಮ್ಮನಿಗಲ್ಲ.

ಅವನು ಫೋನಿನಲ್ಲೇ ಕಲ್ಲಿನ ಸದ್ದಿಗೆ ಕಿವಿಗೊಟ್ಟ. ಅವನೂ ಆ ಯಂತ್ರದ ಪಕ್ಕದಲ್ಲೇ ಬೆಳೆದವನು.

“ಕಲ್ಲಿನ ಮೇಲೆ ಏನೂ ಇಲ್ವಲ್ಲ ಅಣ್ಣ,” ಎಂದ. “ಬರೀ ಕಲ್ಲು ತಿರುಗಿಸ್ತಾ ಇದ್ದೀಯಲ್ಲ.”

ಯಾಕೆ ಎಂದು ಅವನು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವನು ಕೇಳಲಿಲ್ಲ.

“ನಾಳೆ ರಕ್ತ ಕೊಡಬೇಡ. ನಾನು ಆಸ್ಪತ್ರೆಗೆ ಫೋನ್ ಮಾಡಿ ಮುಂದಕ್ಕೆ ಹಾಕಿಸ್ತೀನಿ. ಬಟ್ಟೆಬರೆ ತಗೊಂಡು ನಮ್ಮನೆಗೆ ಬಂದ್ಬಿಡು. ಇಲ್ಲಿ ತುಳಿಯೋಕೆ ಏನೂ ಇಲ್ಲ.”

“ಸರಿ,” ಎಂದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ.

“ಇಳಿ ಅಣ್ಣ.”

ಪೆಡಲಿನಿಂದ ಕಾಲು ತೆಗೆದೆ. ಅಪ್ಪನ ಕಲ್ಲು ದಪ್ಪನೆಯದು, ಕಾಲು ತೆಗೆದ ಮೇಲೂ ಬಹಳ ಹೊತ್ತು ತಾನೇ ತಿರುಗುತ್ತದೆ. ನಾನು ಫೋನನ್ನು ಕಿವಿಗೆ ಹಿಡಿದು ಪಕ್ಕದಲ್ಲಿ ನಿಂತೆ. ಅದು ಪೂರ್ತಿ ನಿಲ್ಲುವವರೆಗೂ ಅವನು ಫೋನ್ ಇಡಲಿಲ್ಲ.